ಕಂಬಳಿ ನಾಲಿಗೆ

ನಳದಲ್ಲಿ ನೀರು ಮುಂದಕ್ಕೆ ಬರುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಹಿಂದಕ್ಕೂ ಹೋಗುತ್ತದೆ ಎಂದರೆ ನಗುತ್ತಾರೆ. ಗೋಕಾಕ, ಹುಕ್ಕೇರಿ, ಮೂಡಲಗಿ ಕಡೆ ಮೂವತ್ತು ವರ್ಷ ಪೈಪಿನ ಕೆಲಸ ಮಾಡಿದವನು ನಾನು. ಈ ನಗುವನ್ನು ಎಷ್ಟೋ ಸಲ ಕಂಡಿದ್ದೇನೆ, ಅಷ್ಟೂ ಸಲ ಸಿಟ್ಟಿಗೆದ್ದಿದ್ದೇನೆ. ಸಿಟ್ಟು ನನಗೆ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ನನ್ನ ಹೆಂಡತಿ ಇವತ್ತಿಗೂ ಹೇಳುತ್ತಾಳೆ. ಆದರೆ ಖರೆ ಸಿಟ್ಟು ಬರಬೇಕಾಗಿದ್ದ ಒಂದು ದಿನ ಅದು ಬರಲೇ ಇಲ್ಲ. ಆ ದಿನದ ಬಗ್ಗೆ ಬರೆಯುತ್ತೇನೆ.

ಊರಿನ ಹೆಸರು ಬರೆಯುವುದಿಲ್ಲ. ಗೋಕಾಕದಿಂದ ಹುಕ್ಕೇರಿಗೆ ಹೋಗುವ ಕಡೆ, ಹೊಳೆಯ ದಂಡೆಗೆ ಒಂದು ಸಣ್ಣ ಪೇಟೆ ಅನ್ನಿ. ಧುಪದಾಳದ ಒಡ್ಡಿಗೆ ಮೇಲೋ ಕೆಳಗೋ ಎಂದು ಕೇಳಬೇಡಿ. ಸ್ವಾತಂತ್ರ್ಯ ಬಂದು ಹತ್ತು ವರ್ಷ ದಾಟಿತ್ತು. ಕನ್ನಡ ನಾಡು ಒಂದಾಗಿ, ಕಚೇರಿಯ ಕಾಗದಗಳು ಮರಾಠಿಯಿಂದ ಕನ್ನಡಕ್ಕೆ ಬರುತ್ತಿದ್ದವು. ನನ್ನ ಕೈಗೆ ಕೊಟ್ಟ ತಪಾಸಣೆಯ ಪುಸ್ತಕವೂ ಹಾಗೇ ಇತ್ತು, ಮೊದಲಿನ ಹಾಳೆಗಳು ಮರಾಠಿ, ಆಮೇಲಿನವು ಕನ್ನಡ.

ಆ ಪೇಟೆಯ ವ್ಯಾಪಾರಿಗಳು ಸೇರಿ ನೀರಿನ ಸಮಿತಿ ಅಂತ ಒಂದು ಮಾಡಿಕೊಂಡಿದ್ದರು. ಹೊಳೆಗೆ ಪಂಪು, ದಿಬ್ಬದ ಮೇಲೆ ಟಾಕಿ, ಟಾಕಿಯಿಂದ ಪೇಟೆಯ ನಡುವೆ ಹಾದು ತಗ್ಗಿನ ಕೇರಿಯವರೆಗೆ ಒಂದೇ ದೊಡ್ಡ ಪೈಪು. ಮುಂಜಾನೆ ಎರಡು ತಾಸು ನೀರು ಬಿಡುವುದು, ಆಮೇಲೆ ಬಂದ್. ಬಂದ್ ಮಾಡಿದ ಮೇಲೆ ಪೈಪಿನಲ್ಲಿ ಉಳಿದ ನೀರು ತಗ್ಗಿಗೆ ಇಳಿಯುತ್ತದೆ. ಇಳಿಯುವಾಗ ಸುಮ್ಮನೆ ಇಳಿಯುವುದಿಲ್ಲ, ದಾರಿಯ ಮನೆಗಳಿಂದ ಸಿಕ್ಕಿದ್ದನ್ನು ಎಳೆದುಕೊಳ್ಳುತ್ತದೆ. ಸೀಮೆಎಣ್ಣೆಯ ಡಬ್ಬಿಗೆ ನಳಿಗೆ ಇಟ್ಟು ಒಮ್ಮೆ ಬಾಯಿಂದ ಎಳೆದು ಬಿಟ್ಟರೆ ಅದು ತಾನೇ ಹರಿಯುತ್ತದಲ್ಲ, ಹಾಗೆ. ಯಾರದೋ ಮನೆಯ ರಬ್ಬರ್ ನಳಿಗೆ ಬಾನಿಯಲ್ಲಿ ಮುಳುಗಿದ್ದರೆ ಬಾನಿಯ ನೀರೆಲ್ಲ ಊರಿನ ಪೈಪಿಗೆ ಬರುತ್ತದೆ.

ಅದನ್ನು ತಡೆಯುವುದಕ್ಕೆ ದೊಡ್ಡ ಮನೆಗಳಿಗೂ ಕಾರಖಾನೆಗಳಿಗೂ ಗೋಡೆಯ ಬದಿಗೆ ಕಬ್ಬಿಣದ ಒಂದು ಪೆಟ್ಟಿಗೆ ಕೂಡಿಸುತ್ತಿದ್ದೆವು. ಒಳಗೆ ಹಿತ್ತಾಳೆಯ ಬಿಲ್ಲೆಗೆ ರಿವೆಟ್ ಹೊಡೆದ ತೊಗಲಿನ ಒಂದು ತುಂಡು ಜೋತುಬಿದ್ದಿರುತ್ತದೆ. ನೀರು ಒಳಗೆ ಬರುವಾಗ ಅದು ಏಳುತ್ತದೆ, ನೀರು ತಿರುಗಿತೋ ಕೂತುಬಿಡುತ್ತದೆ. ಇಂಜಿನಿಯರರು ಅದಕ್ಕೆ ಏನೇನೋ ಅನ್ನುತ್ತಿದ್ದರು. ನಾವು ನಾಲಿಗೆ ಪೆಟ್ಟಿಗೆ ಅನ್ನುತ್ತಿದ್ದೆವು. ತಿಂಗಳಿಗೊಮ್ಮೆ, ಊರಿನ ನೀರು ಬಂದ್ ಆದಮೇಲೆ, ಪೆಟ್ಟಿಗೆಗೆ ಊರಿನ ಪೈಪಿನ ಕಡೆಯಿದ್ದ ಸಣ್ಣ ತೋಟಿ ತೆರೆದು ಕೆಳಗೆ ಅಂಗೈ ಹಿಡಿದು ನೂರು ಎಣಿಸಬೇಕು. ಅಂಗೈ ಒಣಗಿದ್ದರೆ ಪುಸ್ತಕದಲ್ಲಿ ‘ನಾಲಿಗೆ ಸರಿ’ ಎಂದು ಬರೆದು ಸಹಿ ಮಾಡಬೇಕು. ಒದ್ದೆಯಾದರೆ ನಾಲಿಗೆ ಜೋತಿದೆ ಅಂತ ಅರ್ಥ, ಬಿಚ್ಚಿ ಹೊಸದು ಹಾಕಬೇಕು. ನನ್ನ ನೌಕರಿ ಇಷ್ಟೇ.

ನಾನು ಕತ್ತರಿಸಿದ ನಾಲಿಗೆಗಳು ಬೇರೆಯವರವಕ್ಕಿಂತ ಹೆಚ್ಚು ಬಾಳಿಕೆ ಬರುತ್ತಿದ್ದವು. ಕಾರಣ ಏನೂ ದೊಡ್ಡದಲ್ಲ. ಕೌಜಲಗಿ ಬಾಜೂಕಿನ ನಮ್ಮ ಮನೆಯದು ತೊಗಲಿನ ಕೆಲಸ. ಅಪ್ಪ ಚಪ್ಪಲಿ ಹೊಲಿಯುತ್ತಿದ್ದ, ರೈತರ ಕಪಲಿಗೆ, ಅಂದರೆ ಎತ್ತು ಹೂಡಿ ಬಾವಿ ನೀರೆತ್ತುವುದಕ್ಕೆ, ತೊಗಲಿನ ಚೀಲ ಮಾಡಿಕೊಡುತ್ತಿದ್ದ. ಬೆನ್ನಿನ ತೊಗಲು ಬಾಗಿದರೂ ತಿರುಗಿ ನಿಲ್ಲುತ್ತದೆ, ಹೊಟ್ಟೆಯದು ಜೋಲುತ್ತದೆ ಎಂಬುದು ನನಗೆ ಅಕ್ಷರ ಕಲಿಯುವ ಮೊದಲೇ ಗೊತ್ತಿತ್ತು. ಗೋಕಾಕದ ಒಂದು ವರ್ಕ್‌ಶಾಪಿನಲ್ಲಿ ಪೈಪಿನ ಕೆಲಸ ಕಲಿತು ಆ ಪೇಟೆಗೆ ಬಂದಾಗ ನನ್ನ ಮೈಮೇಲೆ ಖಾಕಿ ಇತ್ತು, ಕೈಯಲ್ಲಿ ಬೋಲ್ಟು ತಿರುವುವ ಪಾನಾ ಇತ್ತು. ಎಲ್ಲರೂ ‘ಗೋಕಾಕದ ಮಿಸ್ತ್ರಿ’ ಅಂದರು. ಯಾವ ಮಂದಿ ಎಂದು ಯಾರೂ ಕೇಳಲಿಲ್ಲ. ನಾನೂ ಹೇಳಲಿಲ್ಲ.

ಪೇಟೆಯ ತಗ್ಗಿನ ಕೇರಿಗೇ ನನ್ನ ಅಕ್ಕನನ್ನು ಕೊಟ್ಟಿತ್ತು. ಅವ್ವ ಬೇಗ ಸತ್ತಮೇಲೆ ನನ್ನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಅವಳೇ. ನಾನು ಪಂಪ್ ಖೋಲಿಯಲ್ಲಿ ಇರುತ್ತಿದ್ದೆ. ಅಕ್ಕನ ಮನೆಗೆ ಹೋಗುವುದಾದರೆ ಪಾನಾ ಚೀಲ ಹೆಗಲಿಗೆ ಹಾಕಿಕೊಂಡು, ಕೇರಿಯ ನಳ ನೋಡಲು ಬಂದವನಂತೆ ಹೋಗುತ್ತಿದ್ದೆ. ಅವಳಿಗೆ ಹೇಳಿಕೊಡಬೇಕಾಗಲಿಲ್ಲ. ಹೊರಗಿನವರು ಯಾರಾದರೂ ಇದ್ದರೆ ‘ಬರ್ರಿ ಮಿಸ್ತ್ರ್ಯಾರ, ನಳದ ಚಕ್ರ ಬಿಗಿ ಆಗೇತ್ರಿ’ ಅನ್ನುತ್ತಿದ್ದಳು. ಹೊತ್ತು ಬೆಳೆಸಿದ ಅಕ್ಕನ ಬಾಯಿಂದ ‘ರಿ’ ಅನ್ನಿಸಿಕೊಂಡೆ ನಾನು. ಕೇರಿಗೆಲ್ಲ ನಮ್ಮ ಸಂಬಂಧ ಗೊತ್ತಿತ್ತು, ಪೇಟೆಗೆ ಗೊತ್ತಿರಲಿಲ್ಲ. ಕೇರಿಯ ಮಾತು ಪೇಟೆಗೆ ಹತ್ತುತ್ತಿರಲಿಲ್ಲ.

ಆ ಕೇರಿಯ ನಳ ಬಂದದ್ದೇ ಅಕ್ಕನಿಂದ. ಅಲ್ಲಿನ ನಾಲ್ಕಾರು ಮನೆಗಳವರು ಬೌದ್ಧರಾದ ವರ್ಷ ಅದು. ಎಲ್ಲರ ಬೆನ್ನೂ ಸ್ವಲ್ಪ ನೆಟ್ಟಗಾಗಿತ್ತು. ಅಕ್ಕ ಪ್ರತಿ ಸೋಮವಾರ ಸಮಿತಿಯ ಕಟ್ಟೆಯ ಮುಂದಿನ ಬೇವಿನ ಗಿಡದ ಬುಡಕ್ಕೆ ಹೋಗಿ ಕೂಡುತ್ತಿದ್ದಳು. ‘ಯಾಕ ಬಂದಿ’ ಅಂದರೆ ‘ನೀರಿಗೆ’ ಅನ್ನುವಳು, ಅಷ್ಟೇ. ಒಂದು ವರ್ಷ ಕೂತಳು. ಕೊನೆಗೆ ಅವಳ ಕಾಟಕ್ಕೇ ಬೇಸತ್ತು ಪೈಪಿನ ತುದಿಗೆ ಒಂದು ನಳ ಹಾಕಿಕೊಟ್ಟರು. ಪೇಟೆಗೆ ಬಂದ್ ಆದಮೇಲೆ ಇಳಿದು ಬರುವ ನೀರೇ ಕೇರಿಯ ನೀರು. ಆದರೂ ಅಕ್ಕ ಆ ನಳಕ್ಕೆ ದಿನಾ ಬೂದಿ ಹಚ್ಚಿ ತಿಕ್ಕುತ್ತಿದ್ದಳು, ಬಾಯಿಗೆ ಬಿಳಿ ಅರಿವೆ ಕಟ್ಟುತ್ತಿದ್ದಳು, ಮೊದಲ ಬೊಗಸೆ ಅವಳೇ ಕುಡಿಯುತ್ತಿದ್ದಳು.

ಇನ್ನು ದಿಬ್ಬದ ಮೇಲಿನ ಸಾವಕಾರರ ಮನೆ. ಮುಂದೆ ಮನೆ, ಹಿಂದೆ ನೂಲಿಗೆ ಬಣ್ಣ ಹಾಕುವ ಕಾರಖಾನೆ, ಎರಡಕ್ಕೂ ಒಂದೇ ಪೈಪು. ಬಣ್ಣಕ್ಕೆ ಮೊದಲು ನೂಲನ್ನು ಕಾಸ್ಟಿಕ್ ಸೋಡಾ ನೀರಿನಲ್ಲಿ ಕುದಿಸುವ ದೊಡ್ಡ ಬಾನಿ ಇತ್ತು, ಅದರೊಳಗೆ ಸದಾ ರಬ್ಬರ್ ನಳಿಗೆ ಬಿದ್ದಿರುತ್ತಿತ್ತು. ‘ನಳಿಗಿ ಮ್ಯಾಲೆತ್ತಿ ಇಡ್ರಪಾ’ ಎಂದು ಆಳುಗಳಿಗೆ ಹೇಳಿ ಹೇಳಿ ನನ್ನ ಗಂಟಲು ಒಣಗಿತ್ತು. ಸಾವಕಾರರ ತಾಯಿಯನ್ನು ಎಲ್ಲರೂ ಆಯಿ ಅನ್ನುತ್ತಿದ್ದರು. ನಾನು ತಪಾಸಣೆಗೆ ಹೋದರೆ ಅವರು ಪಡಸಾಲೆಗೆ ಕರೆದು, ಹಿತ್ತಾಳೆ ತಾಟಿನಲ್ಲಿ ಬಿಸಿ ರೊಟ್ಟಿ, ಶೇಂಗಾ ಚಟ್ನಿ, ಮೊಸರು ಬಡಿಸುತ್ತಿದ್ದರು. ಆ ಪೇಟೆಯಲ್ಲಿ ‘ಉಂಡೇನೋ ತಮ್ಮಾ’ ಎಂದು ಕೇಳುತ್ತಿದ್ದವರು ಅವರೊಬ್ಬರೇ. ಅವರ ಮೇಲೆ ನನಗೆ ಜೀವ ಇತ್ತು, ಸುಳ್ಳು ಹೇಳುವುದಿಲ್ಲ. ತಾಟಿನ ಮುಂದೆ ಕೂತಾಗ, ಯಾವ ಮಂದಿ ಎಂದು ಕೇಳಿಬಿಟ್ಟಾರು ಎಂಬ ಹೆದರಿಕೆಯೂ ಇರುತ್ತಿತ್ತು.

ಒಂದು ದಿನ ಪೆಟ್ಟಿಗೆ ಬಿಚ್ಚಿ ನಾಲಿಗೆಗೆ ಎಣ್ಣೆ ಹಚ್ಚುತ್ತಿದ್ದೆ. ಆಯಿ ಪೂಜೆಗೆ ಹೂವು ಹರಿಯಲು ಬಂದವರು ನಿಂತು ನೋಡಿದರು.

‘ಏನೋ ಅದು?’

‘ನಾಲಗಿರಿ, ಆಯಿ. ನೀರ ತಿರುಗಿ ಹೋಗದಂಗ ಹಿಡಿತೈತಿ.’

‘ಎದರಲೆ ಮಾಡ್ಯಾರ?’

ಕೆಲಸಗಾರನ ಸೊಕ್ಕು ನೋಡಿ, ಬಾಯಿ ತಡೆಯಲಿಲ್ಲ. ‘ಎಮ್ಮಿ ಬೆನ್ನಿನ ತೊಗಲರಿ. ಐದ ವರ್ಷ ಅಲಗ್ಯಾಡಂಗಿಲ್ಲ’ ಎಂದುಬಿಟ್ಟೆ.

ಆಯಿ ಅಲ್ಲೇ ಕಟ್ಟೆಗೆ ಕುಸಿದು ಕೂತರು. ‘ಎರಡ ವರ್ಷ ನನ್ನ ದೇವರಿಗೆ ತೊಗಲ ಮುಟ್ಟಿದ ನೀರ ಹಾಕೀನೇನೋ?’ ಎಂದು ಕೇಳಿದರು. ನನಗೆ ಕೇಳಿದ್ದಲ್ಲ, ತಮಗೇ ಕೇಳಿಕೊಂಡದ್ದು. ಅವತ್ತಿನಿಂದ ಅನ್ನ ನೀರು ಬಿಟ್ಟರು. ಎರಡನೆಯ ದಿನ ಸಾವಕಾರರು ನನ್ನನ್ನು ಕರೆಸಿ, ‘ಅದನ್ನ ತಗದ ಒಗೀ’ ಅಂದರು.

ಹೇಳಬೇಕಾದ ಮಾತು ನನ್ನ ಹತ್ತಿರ ಇತ್ತು. ಕಪಲಿಯ ತೊಗಲಿನ ಚೀಲದಿಂದ ಎತ್ತಿದ ನೀರಿಗೆ ಬೆಳೆದ ಕಬ್ಬು, ಆ ಕಬ್ಬಿನ ಬೆಲ್ಲ ನಿಮ್ಮ ದೇವರ ನೈವೇದ್ಯಕ್ಕೆ ನಡೆಯುತ್ತದೆ, ಈ ಅಂಗೈಯಗಲ ತುಂಡು ಮಾತ್ರ ಯಾಕೆ ನಡೆಯುವುದಿಲ್ಲ? ಹೀಗೆ ಕೇಳಬೇಕಿತ್ತು. ಬಾಯಿಂದ ಬಂದದ್ದು ಇಷ್ಟೇ. ‘ಆಯಿ, ತೊಗಲಿನಷ್ಟ ಛಲೋ ಹಿಡಿಯೂದು ಯಾವುದೂ ಇಲ್ರಿ’ ಅಂದೆ. ಹಾಸಿಗೆಯಲ್ಲಿ ಒರಗಿದ್ದ ಆಯಿ ಕಣ್ಣು ತೆರೆದರು.

‘ನಿನಗ್ಯಾಕೋ ತಮ್ಮಾ ಆ ತೊಗಲಿನ ಮ್ಯಾಲೆ ಇಷ್ಟ ಮಾಯಾ?’

ಅವರು ಏನನ್ನೂ ಮನಸ್ಸಿನಲ್ಲಿಟ್ಟು ಕೇಳಿದ್ದಲ್ಲ. ಆದರೆ ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವನ ಪಾಡು ನನ್ನದು. ‘ಏನಿಲ್ರಿ, ಕೆಲಸದ ಮಾತ ಹೇಳಿದ್ನಿ’ ಅಂದೆ. ಬೆಳಗಾವಿಯಿಂದ ರಬ್ಬರ್ ತರಿಸೋಣ ಎಂದರು ಸಾವಕಾರರು. ಅದು ಬರಲು ತಿಂಗಳೋ ಎರಡು ತಿಂಗಳೋ. ಅಲ್ಲಿಯವರೆಗೆ? ಆಗ ಆಯಿಯೇ ದಾರಿ ಹೇಳಿದರು. ‘ಉಣ್ಣಿ ಮಡಿಗೆ ನಡೀತೈತಿ. ಕಂಬಳಿ ತುಂಡ ಹಾಕೋ.’ ಕುರಿ ಕಾಯುವವರು ನೇಯ್ದುಕೊಟ್ಟ, ತಾವು ಪೂಜೆಗೆ ಹಾಸಿಕೊಳ್ಳುತ್ತಿದ್ದ ಕರಿ ಕಂಬಳಿಯ ಮೂಲೆಯನ್ನು ತಮ್ಮ ಕೈಯಾರೆ ಕತ್ತರಿಸಿ ಕೊಟ್ಟರು.

ಎರಡು ಪದರು ಮಾಡಿ, ಜೇನುಮೇಣ ಕಾಸಿ ಕುಡಿಸಿ, ಬಿಲ್ಲೆಗೆ ರಿವೆಟ್ ಹೊಡೆದೆ. ನೂರು ಎಣಿಸಿದೆ. ಅಂಗೈ ಒಣಗಿತ್ತು. ‘ನಾಲಿಗೆ ಸರಿ’ ಎಂದು ಬರೆದೆ. ಆಯಿ ಅವತ್ತು ಉಂಡರು. ನನಗೂ ಬಡಿಸಿದರು.

ಆ ವಾರ ಅಕ್ಕನ ಮನೆಗೆ ಹೋದಾಗ ಇದನ್ನೆಲ್ಲ ನಗುತ್ತ ಹೇಳಿದೆ. ಅಕ್ಕ ನಗಲಿಲ್ಲ. ‘ಕಂಬಳಿ ನೀರ ಕುಡಿತೈತಿ, ತಡಿತೈತೇನೋ? ಮಳಿಗಾಲದಾಗ ಹೊತಗೊಂಡ ನೋಡಿಲ್ಲೇನು? ತೊಗಲ ಹಾಕಿ ಬಾ’ ಅಂದಳು.

‘ರಬ್ಬರ್ ಬರೂತನಕ ಅಷ್ಟವ್ವಾ.’

‘ಯಾರಿಗೆ ಅಂಜತಿ?’ ಎಂದು ಕೇಳಿದಳು. ನಾನು ಚೀಲ ಹೆಗಲಿಗೇರಿಸಿ ಹೊರಟೆ.

ರಬ್ಬರ್ ಬರಲಿಲ್ಲ. ಮುಂದಿನ ತಿಂಗಳ ತಪಾಸಣೆಯಲ್ಲಿ ಅಂಗೈ ಹಿಡಿದು ಇಪ್ಪತ್ತು ಎಣಿಸುವುದರೊಳಗೆ ಮೊದಲ ಹನಿ ಬಿತ್ತು. ನಲವತ್ತಕ್ಕೆ ಧಾರೆ. ಪಾನಾ ಕೈಗೆತ್ತಿಕೊಂಡೆ. ಅಷ್ಟರಲ್ಲಿ ಆಯಿ ಹಿತ್ತಲ ಬಾಗಿಲಿಗೆ ಬಂದರು. ‘ನಿನ್ನಿಂದ ನನ್ನ ಪೂಜಾ ಉಳೀತಪಾ. ನನ್ನ ಮಗಾ ಇದ್ದಂಗ ನೀ. ಕೈ ತೊಳಕೊಂಡ ಬಾ, ಹೋಳಿಗಿ ಮಾಡೇನಿ’ ಅಂದರು.

ನಾನು ಒದ್ದೆ ಅಂಗೈಯನ್ನು ಚಡ್ಡಿಗೆ ಒರೆಸಿಕೊಂಡೆ. ಪುಸ್ತಕದಲ್ಲಿ ‘ನಾಲಿಗೆ ಸರಿ’ ಎಂದು ಬರೆದೆ. ಹೋಳಿಗೆ ಉಂಡೆ. ಸಿಟ್ಟು ಬರಬೇಕಾಗಿದ್ದ ದಿನ ಅದೇ.

ಎಂಟು ದಿನ ಕಳೆದಿರಬೇಕು. ಮುಂಜಾನೆ ನೀರು ಬಂದ್ ಮಾಡಿ ಪಂಪಿಗೆ ಗ್ರೀಸ್ ಹಚ್ಚುತ್ತಿದ್ದೆ. ಕೇರಿಯಿಂದ ಒಬ್ಬರು ಓಡಿಬಂದು, ‘ನಿಮ್ಮಕ್ಕ ನಳದ ನೀರ ಕುಡದ ಬಿದ್ದಾಳ’ ಅಂದರು. ಹೋದಾಗ ಅಕ್ಕ ನಳದ ಬಳಿ ಕೂತಿದ್ದಳು, ಬಾಯಿಂದ ಜೊಲ್ಲು ಸುರಿಯುತ್ತಿತ್ತು, ತುಟಿ ನಾಲಿಗೆಯೆಲ್ಲ ಸುಟ್ಟು ಬೆಳ್ಳಗಾಗಿದ್ದವು. ಕೊಡ ಹಿಡಿದಿದ್ದ ಇಬ್ಬರು ಹೆಂಗಸರ ಕೈ ಕೆಂಪಾಗಿ ಉರಿಯುತ್ತಿತ್ತು. ಕೊಡದ ನೀರನ್ನು ಬೆರಳಿಗೆ ಹಚ್ಚಿ ಉಜ್ಜಿದೆ. ಸಾಬೂನಿನಂತೆ ಜಾರಿತು. ಯಾರದೋ ಬಾನಿಯಿಂದ ಬಂದದ್ದು ಎಂದು ಯಾರೂ ನನಗೆ ಹೇಳಬೇಕಾಗಿರಲಿಲ್ಲ.

ಹುಕ್ಕೇರಿಯ ಡಾಕ್ಟರರ ಕಡೆ ಚಕ್ಕಡಿಯಲ್ಲಿ ಒಯ್ದೆವು. ಹೆಚ್ಚು ನುಂಗಿಲ್ಲ, ಜೀವಕ್ಕೆ ಅಂಜಿಕೆ ಇಲ್ಲ, ಬಾಯಿ ಮಾಯುವವರೆಗೆ ಮಾತಾಡಿಸಬೇಡಿ ಅಂದರು ಅವರು. ತಿರುಗಿ ಬರುವಾಗ ಅಕ್ಕನ ತಲೆ ನನ್ನ ತೊಡೆಯ ಮೇಲಿತ್ತು.

ಊರಿಗೆ ಬರುವಷ್ಟರಲ್ಲಿ ಸಮಿತಿಯವರು ಕಾರಣ ಹುಡುಕಿ ಮುಗಿಸಿದ್ದರು. ಕೇರಿಯಲ್ಲಿ ತೊಗಲು ಹದ ಮಾಡುವ ಸುಣ್ಣದ ಕುಣಿಗಳಿದ್ದವು, ಅಕ್ಕನ ಗಂಡ, ನನ್ನ ಭಾವನದೂ ಒಂದಿತ್ತು. ಆ ಸುಣ್ಣದ ನೀರನ್ನೇ ನಳಕ್ಕೆ ಹಾಕಿಕೊಂಡು ಬಾಯಿ ಸುಟ್ಟುಕೊಂಡಿದ್ದಾರೆ, ನಾಳೆ ಅದು ಪೈಪಿನಲ್ಲಿ ಹತ್ತಿ ನಮ್ಮ ಮನೆಗೂ ಬರುತ್ತದೆ, ಕೇರಿಯ ಪೈಪು ಕತ್ತರಿಸಿಬಿಡಿ ಎಂದರು. ಎರಡು ವರ್ಷ ನಾನು ಹೇಳಿದಾಗ ನೀರು ಎಲ್ಲಾದರೂ ಹಿಂದಕ್ಕೆ ಹೋಗುತ್ತದೆಯೇ ಎಂದು ನಕ್ಕವರು, ಈಗ ಕೇರಿಯ ಸುಣ್ಣ ದಿಬ್ಬ ಹತ್ತಿ ಬರುವುದನ್ನು ಒಂದೇ ಮುಂಜಾನೆಯಲ್ಲಿ ನಂಬಿದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರು ಎಂಬ ಗಾದೆ ನಮ್ಮ ಕಡೆ ಸುಮ್ಮನೆ ಹುಟ್ಟಿಲ್ಲ.

ಮೂರನೆಯ ದಿನ ಸಮಿತಿಯ ಕಟ್ಟೆಯ ಮೇಲೆ ಸಭೆ. ಕೇರಿಯವರು ಕೆಳಗೆ ನಿಂತಿದ್ದರು. ಅಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಬೇವಿನ ಬುಡದಲ್ಲಿ, ತಾನು ಒಂದು ವರ್ಷ ಕೂತ ಜಾಗದಲ್ಲೇ ಕೂತಿದ್ದಳು. ಭಾವ ನಳದ ಬಾಯಿಗೆ ಕಟ್ಟಿದ್ದ ಬಿಳಿ ಅರಿವೆಯನ್ನು ತಂದಿದ್ದ. ಅದನ್ನು ಬಿಡಿಸಿ ತೋರಿಸಿದ, ಅದರಲ್ಲಿ ಬಣ್ಣ ಹಾಕದ ಬಿಳಿ ನೂಲಿನ ಎಳೆಗಳು ಅಂಟಿಕೊಂಡಿದ್ದವು.

‘ನಮ್ಮ ಸುಣ್ಣದ ಕುಣ್ಯಾಗ ನೂಲ ಎಲ್ಲಿಂದ ಬರ್ತೈತ್ರಿ, ಯಪ್ಪಾ?’ ಎಂದು ಕೇಳಿದ.

ಸಮಿತಿಯ ಅಧ್ಯಕ್ಷರು ನಕ್ಕು, ‘ಪ್ಯಾಟ್ಯಾಗ ನೂಲ ಗಾಳ್ಯಾಗ ಹಾರತಿರತೈತಿ. ಸಾವಕಾರರ ಮನಿ ಪೆಟಗಿ ತಿಂಗಳಾ ನೋಡ್ತಾರ. ಮಿಸ್ತ್ರಿ, ನಿನ್ನ ಪುಸ್ತಕ ಓದು’ ಅಂದರು.

ಪುಸ್ತಕ ತೆರೆದೆ. ಕೇರಿಯ ನೀರನ್ನು ಕತ್ತರಿಸುವುದಕ್ಕೆ ಪಾನಾ ಬೇಕಿರಲಿಲ್ಲ, ನನ್ನ ಅಕ್ಷರ ಸಾಕಾಗಿತ್ತು. ಕಂಬಳಿ ಹಾಕಿದ ದಿನದ್ದನ್ನು ಓದಿದೆ, ‘ನಾಲಿಗೆ ಸರಿ.’ ಹೋಳಿಗೆ ಉಂಡ ದಿನದ್ದನ್ನೂ ಓದಿದೆ, ‘ನಾಲಿಗೆ ಸರಿ.’ ಭಾವ ನನ್ನನ್ನೇ ನೋಡುತ್ತಿದ್ದ. ಬೇಡುವ ನೋಟ ಅಲ್ಲ ಅದು, ಗುರುತು ಹಿಡಿಯಲು ನೋಡುವಂತಿತ್ತು. ಅಕ್ಕ ನೆಲ ನೋಡುತ್ತಿದ್ದಳು. ಅಧ್ಯಕ್ಷರು ಪೆನ್ನು ತೆಗೆದು, ‘ಸರಿ ಐತಿ ಹೌದಲ್ಲೋ?’ ಎಂದು ಕೇಳಿದರು.

‘ಇಲ್ರಿ’ ಅಂದೆ. ‘ಸುಳ್ಳ ಬರದೇನಿ.’

ಎಲ್ಲರನ್ನೂ ಕರೆದುಕೊಂಡು ದಿಬ್ಬ ಹತ್ತಿದೆ. ಪೆಟ್ಟಿಗೆಯ ನಾಲ್ಕು ಬೋಲ್ಟು ಬಿಚ್ಚಿದೆ. ಒಳಗೆ ಹಿತ್ತಾಳೆಯ ಬಿಲ್ಲೆಯೊಂದೇ ತೂಗುತ್ತಿತ್ತು. ಕಂಬಳಿ ಕೊಳೆತು ಹರಿದುಹೋಗಿ, ರಿವೆಟ್ಟಿನ ಸುತ್ತ ಒಂದಿಷ್ಟು ಕರಿ ಉಣ್ಣೆ ಉಳಿದಿತ್ತು. ಆಚೆ ಬಾನಿಯಲ್ಲಿ ರಬ್ಬರ್ ನಳಿಗೆ ಮುಳುಗಿಯೇ ಇತ್ತು. ‘ಕಂಬಳಿ ಹಾಕಾಕ ನಿನಗ ಯಾರ ಹೇಳಿದ್ರಲೇ?’ ಎಂದು, ಅವತ್ತು ಎದುರಿಗೇ ಇದ್ದ ಸಾವಕಾರರು ಗುಡುಗಿದರು. ಆಯಿ ಬಾಗಿಲಿಂದ ಹೊರಗೆ ಬಂದರು. ‘ನಾನ ಹೇಳಿದ್ನಿ’ ಎಂದು ಮಗನಿಗೆ ಹೇಳಿ, ನನ್ನ ಕಡೆ ತಿರುಗಿದರು. ‘ಸೋರಾಕತ್ತೈತಿ ಅಂತ ನೀ ಯಾಕ ಹೇಳಲಿಲ್ಲೋ?’

‘ಬಾಯಿ ಸುಟ್ಟಕೊಂಡಾಕಿ ನಮ್ಮ ಅಕ್ಕರಿ, ಆಯಿ. ನಾನೂ ತೊಗಲಿನ ಮನಿಯವನ. ತೊಗಲ ಹಾಕ್ರಿ ಅಂತ ಹಟಾ ಮಾಡಿದ್ರ ನೀವು ನನ್ನ ಜಾತಿ ಕೇಳ್ತೀರಿ ಅಂತ ಅಂಜಿದ್ನಿ.’

ಆಯಿ ಬಯ್ಯಲಿಲ್ಲ. ಒಳಗೆ ಹೋಗಿ ಬಾಗಿಲನ್ನು ಮೆಲ್ಲಗೆ ಹಾಕಿಕೊಂಡರು. ಬೈದಿದ್ದರೆ ನನಗೆ ಹಗುರಾಗುತ್ತಿತ್ತು.

ಕೇರಿಯ ಪೈಪು ಕತ್ತರಿಸಲಿಲ್ಲ. ಅವತ್ತೇ ಎಲ್ಲರ ಮುಂದೆ ಎಮ್ಮೆಯ ಬೆನ್ನಿನ ತೊಗಲು ಕತ್ತರಿಸಿ ಹೊಸ ನಾಲಿಗೆ ಕೂಡಿಸಿದೆ. ಅದು ನನ್ನ ಕೊನೆಯ ಕೆಲಸ, ಸಂಜೆಯೇ ನೌಕರಿಯಿಂದ ತೆಗೆದರು. ಪಂಪ್ ಖೋಲಿಯಿಂದ ಟ್ರಂಕು ಎತ್ತಿಕೊಂಡು, ಮೊದಲ ಸಲ ಪಾನಾ ಚೀಲವಿಲ್ಲದೆ ಕೇರಿಗೆ ನಡೆದೆ. ಖರೆ ಹೇಳಬೇಕೆಂದರೆ ಎದೆ ಉಬ್ಬಿಸಿಕೊಂಡೇ ಹೋದೆ. ನೌಕರಿ ಕೊಟ್ಟು ನಳ ಉಳಿಸಿದೆ, ಅಕ್ಕ ತಲೆ ಸವರುತ್ತಾಳೆ ಅಂದುಕೊಂಡಿದ್ದೆ.

ಅಕ್ಕ ನನ್ನ ಟ್ರಂಕನ್ನು ನೋಡಿದಳು. ಸೆರಗಿನ ತುದಿಯ ಗಂಟು ಬಿಚ್ಚಿ ಅದರಲ್ಲಿದ್ದುದನ್ನು ನನ್ನ ಅಂಗೈಗೆ ಹಾಕಿದಳು. ಕರಿ ಕಂಬಳಿಯ ಎಳೆಗಳು, ಚಿವುಟಿದಷ್ಟು. ಅವಳ ಬಾಯಿಗೆ ಮಾತು ಬರುತ್ತಿರಲಿಲ್ಲ. ನಳದ ಅರಿವೆಯನ್ನು ತೋರಿಸಿ, ಬೆರಳಿಂದ ಒಂದೊಂದೇ ಹೆಕ್ಕಿದ ಹಾಗೆ ಮಾಡಿ ತೋರಿಸಿದಳು. ಆ ಮುಂಜಾನೆ ಬಾಯಿ ಉರಿಯುತ್ತಿರುವಾಗಲೇ ಅರಿವೆಯಲ್ಲಿ ಕರಿ ಎಳೆಗಳನ್ನು ಕಂಡು, ಅವು ಎಲ್ಲಿಯವು, ಯಾರು ಹಾಕಿದ್ದು ಎಂದು ಅವಳಿಗೆ ತಿಳಿದಿತ್ತು. ಭಾವನ ಕೈಗೆ ಅರಿವೆ ಕೊಡುವ ಮೊದಲು ಕರಿಯದನ್ನೆಲ್ಲ ತೆಗೆದು ಬಿಳಿಯದನ್ನಷ್ಟೇ ಬಿಟ್ಟಿದ್ದಳು.

ಭಾವನಿಗೂ ಆಗಲೇ ಗೊತ್ತಾದದ್ದು. ‘ಇದನ್ನ ತೋರಿಸಿದ್ರ ಅವತ್ತ ಮುಗೀತಿತ್ತಲ್ಲ. ಇಡೀ ಕೇರಿ ಮೂರ ದಿನ ಸುಣ್ಣದ ಮಾತ ಕೇಳಿತಲ್ಲ’ ಎಂದ. ಅಕ್ಕ ತಲೆ ಎತ್ತಲಿಲ್ಲ. ಅವನು ಹೊರಗೆ ನಡೆದ. ಸಭೆಯಲ್ಲಿ ಅವಳು ನೆಲ ನೋಡುತ್ತಿದ್ದುದು ಬಾಯಿ ಸುಟ್ಟಿದ್ದಕ್ಕೆ ಅಂದುಕೊಂಡಿದ್ದೆ ನಾನು. ಉಬ್ಬಿದ ಎದೆ ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ.

ಮೂಡಲಗಿಯಲ್ಲಿ ಒಬ್ಬ ವ್ಯಾಪಾರಿಯ ಗೋದಾಮಿಗೆ ಪೈಪು ಹಾಕುವ ಕೆಲಸ ಸಿಕ್ಕಿತು, ಹೋದೆ. ಆರು ತಿಂಗಳ ಮೇಲೆ ಅಕ್ಕನನ್ನು ನೋಡಲು ಬಂದೆ. ಬಾಯಿ ಮಾಯ್ದಿತ್ತು, ಮಾತು ಸ್ವಲ್ಪ ತೊದಲುತ್ತಿತ್ತು. ನಾನು ಬಂದಾಗ ನಳದಲ್ಲಿ ನೀರು ಬರುತ್ತಿತ್ತು, ಹೆಂಗಸರು ಸಾಲು ನಿಂತಿದ್ದರು. ಅಕ್ಕ ಮಾತ್ರ ಅದರ ಬಾಜೂಕಿನಿಂದಲೇ ಹಾದು, ಅರ್ಧ ಹರದಾರಿ ದೂರದ ಹಳ್ಳದಲ್ಲಿ ತುಂಬಿದ ಕೊಡ ಹೊತ್ತು ಬರುತ್ತಿದ್ದಳು. ಯಾರೋ ಬೇಡ ಅಂದಿರಬೇಕೆಂದು ನನಗೆ ಸಿಟ್ಟು ನೆತ್ತಿಗೇರಿತು.

‘ಯಾರ ಬ್ಯಾಡ ಅಂದ್ರು ಹೇಳು’ ಅಂದೆ.

‘ಯಾರೂ ಅಂದಿಲ್ಲೋ. ದಿನಾ ಕರೀತಾರ.’ ನಡೆಯುತ್ತಲೇ ಹೇಳಿದಳು. ‘ನಿನ್ನ ನೌಕರಿ ಸಲವಾಗಿ ಕರಿ ಎಳಿ ಮುಚ್ಚಿಟ್ಟ ನಾ ಆ ನಳಾ ಬಿಟ್ಟಕೊಟ್ಟಿದ್ನಿ, ತಮ್ಮಾ. ಅದರ ನೀರ ನನಗ ಹತ್ತಂಗಿಲ್ಲ.’

ಕೊಡ ಹೊರುತ್ತೇನೆಂದು ಕೈ ಚಾಚಿದೆ. ಕೊಡಲಿಲ್ಲ.